ತಳ್ಳುವ ಶಾಸ್ತ್ರ

"ಎ.ಸಿ. ಬರೆದೆ, ಪವರ್ ಸ್ಟೇರಿಂಗ್ ಬರೆದೆ, ಹಿಂದೆ ನೋಡೋ ಕ್ಯಾಮೆರಾನೂ ಬರೆದೆ. ಮತ್ತೆಂತ ಖಾಜಾಭಾಯಿ?" ಎಂದು ಮೆಕ್ಯಾನಿಕ್ ಸುನೀಲ ಗಾಡಿಗೆ ಹೊಸದಾಗಿ ಹಾಕಬೇಕಾದ್ದರ ಪಟ್ಟಿ ಮುಗಿಸಿ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಳ್ಳಹೊರಟಾಗ ಖಾಜಾ ಹುಸೇನರು ತಡೆದರು.

"ಮುಖ್ಯದ್ದೇ ಬಾಕಿ ಉಂಟಲ್ಲ ಮಾರಾಯ. ಬಟನ್ ಒತ್ತಿದ ಕೂಡ್ಲೆ ಸ್ಟಾರ್ಟ್ ಆಗ್ಬೇಕು."

ಸುನೀಲ ಬರೆಯುವುದು ಬಿಟ್ಟು ನಕ್ಕ. ನಗಲಿ, ಯಲ್ಲಾಪುರದಲ್ಲಿ ನಗದವರು ಯಾರಿದ್ದಾರೆ? ಖಾಜಾ ಹುಸೇನರ ಬಿಳಿ ಅಂಬಾಸಿಡರ್ ಇಪ್ಪತ್ತು ವರ್ಷದಿಂದ ಮದುಮಕ್ಕಳನ್ನು ಹೊತ್ತ ಗಾಡಿ. ಮನೆಯಂಗಳದಲ್ಲಿ ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಗುರ್ ಎನ್ನುತ್ತಿತ್ತು. ಓಲಗದ ಸದ್ದು ಕೇಳಿತೋ, ಹಟ ಹಿಡಿದ ಕೋಣದ ಹಾಗೆ ನಿಂತುಬಿಡುತ್ತಿತ್ತು. ಪಾಪ, ಗಾಡಿಯದೇನೂ ತಪ್ಪಿಲ್ಲ. ಹಿಂದೊಮ್ಮೆ, ಮೆಕ್ಯಾನಿಕ್ ಯಾಕೆ ಬೇಕು, ನಾನೇನು ಕಡಿಮೆಯೇ ಎಂದುಕೊಂಡು ಹುಸೇನರು ಗಾಡಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರನ್ನು ತಾವೇ ಬಿಚ್ಚಿ ತಾವೇ ಜೋಡಿಸಿದ್ದರು. ಜೋಡಿಸಿದ ಮೇಲೆ ಎರಡು ಸ್ಕ್ರೂ ಉಳಿದವು. ಕಂಪನಿಯವರು ಸುಮ್ಮನೆ ದಂಡಕ್ಕೆ ಹಾಕಿದ್ದಿರಬೇಕು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಎಸೆದರು. ಅವತ್ತು ಹಿಡಿದ ಗ್ರಹಚಾರ.

ಗಾಡಿ ಮೊದಲು ಕೈಕೊಟ್ಟದ್ದು ಬನವಾಸಿ ಕಡೆಯ ಒಂದು ಮದುವೆಯಲ್ಲಿ. ಮುನ್ನೂರು ಜನ ನೋಡುತ್ತಿದ್ದಾರೆ, ಮದುಮಗಳು ಒಳಗೆ ಕೂತಾಗಿದೆ, ಸೆಲ್ಫ್ ಕಟಕ್ ಎಂದು ಸುಮ್ಮನಾಗುತ್ತಿದೆ. ಹುಸೇನರ ಕೈಕಾಲು ತಣ್ಣಗಾದವು, ನಾಲಿಗೆ ಮಾತ್ರ ಕೈಬಿಡಲಿಲ್ಲ. ಹೆಣ್ಣಿನ ಕಡೆಯವರು ತಳ್ಳಿ ಕಳಿಸಬೇಕು, ಮಗಳಿಗೆ ಒಳ್ಳೆಯದಾಗುತ್ತದೆ, ಈ ಗಾಡಿಯ ಶಾಸ್ತ್ರವೇ ಹಾಗೆ ಎಂದುಬಿಟ್ಟರು. ಅವತ್ತಿಗೆ ಮಾನ ಉಳಿಯಿತು, ಶಾಸ್ತ್ರ ಅಂಟಿಕೊಂಡಿತು. ಸೀಸನ್ನಿನಲ್ಲಿ ರಿಪೇರಿಗೆ ಪುರುಸೊತ್ತಿಲ್ಲ, ಆಷಾಢ ಬಂದರೆ ಯಾರಿಗೆ ನೆನಪು? ಹೋದ ವರ್ಷ ಯಾರೋ ಹೊಚ್ಚಹೊಸ ಕಾರನ್ನೂ ತಳ್ಳಿ ಕಳಿಸಿದರಂತೆ. ಆ ಸುದ್ದಿ ತಂದ ಹೆಂಡತಿ ಜೈನಾಬ್, "ಊರಿಗೆಲ್ಲ ಶಾಸ್ತ್ರ ಕಲಿಸಿದ ದೊಡ್ಡ ಪಂಡಿತರು, ನಮ್ಮನೇಲೇ ಇದ್ದಾರೆ" ಎಂದು ಕೈಮುಗಿದಿದ್ದಳು.

ಹಾಗಾಗಿ ಈ ಆಷಾಢದಲ್ಲಿ ಹುಸೇನರು ಗಟ್ಟಿ ಮನಸ್ಸು ಮಾಡಿದ್ದರು. ವಯಸ್ಸು ಅರವತ್ತೆರಡು ದಾಟಿದೆ. ಸ್ಟೇರಿಂಗ್ ಬಿಡುವ ಮೊದಲು ಒಂದೇ ಒಂದು ಸಲ, ತುಂಬಿದ ಮಂಟಪದ ಮುಂದೆ, ಯಾರೂ ಕೈಹಚ್ಚದೆ ತಮ್ಮ ಗಾಡಿ ತಾನಾಗಿ ಹೊರಡಬೇಕು. ಎ.ಸಿ., ಕ್ಯಾಮೆರಾ ಎಲ್ಲ ಜನರ ಕಣ್ಣಿಗೆ. ಅವರಿಗೆ ಬೇಕಾದದ್ದು ಆ ಬಟನ್ ಒಂದೇ.

ಅಷ್ಟರಲ್ಲಿ ಕೊಡೆ ಮಡಚುತ್ತ ಗುಡ್ನಾಪುರದ ಸಂಗಯ್ಯನವರು ಗ್ಯಾರೇಜಿನೊಳಗೆ ಬಂದರು. ಆರು ವರ್ಷದ ಹಿಂದೆ ಹಿರಿಮಗಳ ಮದುವೆಗೆ ಇದೇ ಗಾಡಿ ಕರೆಸಿದ್ದವರು.

"ಮನಿಗೆ ಹೋಗಿದ್ದೆ, ಇಲ್ಲಿ ಅದಾರ ಅಂದ್ರು. ಕಡೀ ಮಗಳದು ದೀಪಾವಳಿ ಕಳದ ಮ್ಯಾಲೆ ಮದುವಿ ಐತ್ರಿ ಸಾಹೇಬ್ರ. ನಿಮ್ಮ ಗಾಡೀನ ಬೇಕು."

"ಖಂಡಿತ ಬರ್ತೇನೆ ಸಂಗಯ್ಯನೋರೆ," ಹುಸೇನರು ಎದೆಯುಬ್ಬಿಸಿದರು. "ಈ ಸಲ ನಿಮಗೆ ತಳ್ಳೋ ತ್ರಾಸಿಲ್ಲ. ಬಟನ್ ಒತ್ತಿದ್ರೆ ಸಾಕು, ಹೋಗ್ತಾ ಇರೋದೇ."

ಸಂಗಯ್ಯನವರ ಮುಖ ಸಪ್ಪಗಾಯಿತು. "ಹಂಗಾದ್ರ ದಬ್ಬೂದು ಇಲ್ಲೇನ್ರಿ?"

ಹುಸೇನರಿಗೆ ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಅನಿಸಿತು. "ಅದು ಶಾಸ್ತ್ರ ಅಲ್ಲ ಸಂಗಯ್ಯನೋರೆ. ಗಾಡಿ ಕೆಟ್ಟಿತ್ತು. ಕೆಡಿಸಿದ್ದೂ ನಾನೇ. ಮರ್ಯಾದೆ ಹೋಗ್ತದೆ ಅಂತ ಬಾಯಿಗೆ ಬಂದದ್ದು ಹೇಳ್ದೆ."

"ಅದು ನನಗ ಅವತ್ತ ಗೊತ್ತಾಗಿತ್ರಿ. ನಾನೂ ಟ್ರ್ಯಾಕ್ಟರ್ ಇಟ್ಟಾಂವ."

ಸುನೀಲ ಬಾನೆಟ್ಟಿನ ಹಿಂದೆ ಮುಖ ಮರೆಸಿಕೊಂಡ. ಇಷ್ಟು ವರ್ಷ ಮದುವೆ ಮನೆಯವರನ್ನೆಲ್ಲ ಮರುಳು ಮಾಡಿದೆನೆಂದು ಬೀಗಿದ್ದವರಿಗೆ ತಾವೆಂಥ ಮರುಳರು ಎಂದು ಗೊತ್ತಾಗಿ, ಹುಸೇನರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಗೊತ್ತಿದ್ದೂ ತಳ್ಳಿದ್ರಾ?"

ಸಂಗಯ್ಯನವರು ಅಲ್ಲೇ ಇದ್ದ ಹಳೆಯ ಟೈರಿನ ಮೇಲೆ ಕೂತರು. "ಅವತ್ತ ಬೆಳಗಿನಿಂದ ಗಂಟಲ ಕಟ್ಟಿತ್ರಿ. ಬೀಗರ ಮುಂದ, ಅಷ್ಟು ಮಂದಿ ಮುಂದ ಗಂಡಸಾದಾಂವ ಹೆಂಗ ಅಳಬೇಕು? ನೀವು ದಬ್ಬರಿ ಅಂದ್ರಿ. ತಲಿ ತಗ್ಗಿಸಿ ದಬ್ಬಿದೆ. ಬೆವರೂ ಬಂತು, ಕಣ್ಣೀರೂ ಬಂತು. ಟವಲ್ ತಗೊಂಡು ಎರಡೂ ಒರಸ್ಕೊಂಡೆ, ಯಾರೂ ಏನೂ ಕೇಳಲಿಲ್ಲ. ನಡುವಿನಾಕಿ ಮದುವಿಗೆ ಬೀಗರು ಹೊಸಾ ಕಾರ್ ತಂದಿದ್ರು. ಭುರ್ ಅಂತ ಹೋಗೇಬಿಡ್ತು. ನಾ ಎರಡೂ ಕೈ ಮುಂದ ಚಾಚಿಕೊಂಡು ಹಂಗ ನಿಂತೆ."

ಹುಸೇನರು ಗಾಡಿಯ ಹಿಂದಕ್ಕೆ ಹೋಗಿ ಡಿಕ್ಕಿಯ ಮೇಲೆ ಕೈಯಿಟ್ಟರು. ಇಷ್ಟು ವರ್ಷದಲ್ಲಿ ಎಷ್ಟು ಅಪ್ಪಂದಿರು ಆ ಡಿಕ್ಕಿಗೆ ಹಣೆ ಹಚ್ಚಿದ್ದರೋ. ಕನ್ನಡಿಯಲ್ಲಿ ಬಗ್ಗಿದ ತಲೆಗಳು ಕಾಣುತ್ತಿದ್ದವು, ಆದರೆ ಗಾಡಿ ಯಾವಾಗ ಹತ್ತಿಕೊಳ್ಳುತ್ತದೆ, ತಮ್ಮ ಮಾನ ಯಾವಾಗ ಉಳಿಯುತ್ತದೆ ಎನ್ನುವ ಗಡಿಬಿಡಿಯಲ್ಲಿ ಅವರು ಒಬ್ಬರ ಮುಖವನ್ನೂ ನೋಡಿರಲಿಲ್ಲ. ನಾಚಿಕೆಯಾಯಿತು.

"ಖಾಜಾಭಾಯಿ, ಬಟನ್ ಬರೀಲಾ, ಬೇಡ್ವಾ?" ಸುನೀಲ ಮೆತ್ತಗೆ ಕೇಳಿದ.

"ಬರಿ. ಆದ್ರೆ ಇವರ ಮನೆ ಮದುವೇಲಿ ನಾನದನ್ನ ಒತ್ತೋದಿಲ್ಲ." ಹುಸೇನರು ಸಂಗಯ್ಯನವರ ಕಡೆ ತಿರುಗಿದರು. "ಎಲ್ಲಿ ತನಕ ತಳ್ತೀರಿ ಹೇಳಿ. ಅಲ್ಲಿಗೆ ಬಂದ ಮೇಲೇ ಗೇರ್ ಹಾಕ್ತೇನೆ."

ಸಂಗಯ್ಯನವರು ಕೊಡೆಯ ಹಿಡಿಕೆಯನ್ನು ಸವರುತ್ತ ಯೋಚಿಸಿದರು.

"ಹಿರಿಯಾಕಿಗೆ ಊರ ಕನ್ನಡ ಸಾಲಿ ತನಕ ದಬ್ಬಿದ್ದೆ. ಇಕಿ ಕಡೀದಾಕ್ರಿ ಸಾಹೇಬ್ರ. ಅದರಾಚಿ ಕೆರಿ ಏರೀನೂ ದಾಟಲಿ."