ಆಟವೇ ಇಲ್ಲದ ತಂಡ

ನಾಸಿಕ್‌ನ ಕ್ರಿಕೆಟ್ ಅಕಾಡೆಮಿಯ ಗೇಟು ದಾಟುವಾಗಲೇ ಖಂಡಪ್ಪ ಗಟ್ಟಿ ಮನಸ್ಸು ಮಾಡಿದ್ದ. ಏನಾದರಾಗಲಿ, ಆ ಪಟ್ಟಿಯಿಂದ ಮಗಳ ಹೆಸರು ತೆಗೆಸಿಯೇ ತಿರುಗಿ ಹೋಗಬೇಕು.

ಜಗತ್ತಿನ ಹೆಣ್ಣುಮಕ್ಕಳ ಕ್ರಿಕೆಟ್ಟಿನಲ್ಲಿ ವರ್ಷದ ಅತ್ಯುತ್ತಮ ತಂಡವಂತೆ. ಹನ್ನೊಂದು ಹೆಸರು, ಆರು ದೇಶ. ಒಂಬತ್ತನೆಯದು ಅವನ ಮಗಳು ಭುವನೇಶ್ವರಿ, ಹೋದ ವರ್ಷವಷ್ಟೇ ಭಾರತಕ್ಕೆ ಆಡತೊಡಗಿದ ಎಡಗೈ ಸ್ಪಿನ್ನರ್. ಮೊನ್ನೆ ಫೋನಿನಲ್ಲಿ ಅವಳೇ ಹೇಳಿದ್ದಳು. ಮ್ಯಾಚ್ ಯಾವಾಗ ಎಂದು ಕೇಳಿದ. ಮ್ಯಾಚ್ ಇಲ್ಲವಂತೆ. ಎಲ್ಲರೂ ಎಲ್ಲಿ ಸೇರುತ್ತೀರಿ ಎಂದ. ಸೇರುವುದೇ ಇಲ್ಲವಂತೆ. ಈ ತಂಡದ ನಾಯಕಿಯ ಜೊತೆ ತಾನು ಇದುವರೆಗೂ ಮಾತೇ ಆಡಿಲ್ಲವೆಂದು ಹೇಳಿ ನಕ್ಕಳು.

ಖಂಡಪ್ಪನಿಗೆ ನಗು ಬರಲಿಲ್ಲ. ಆಟವಿಲ್ಲ, ಮೈದಾನವಿಲ್ಲ, ಬರೀ ಹೆಸರು! ಕಲಬುರಗಿ ಕಡೆಯಿಂದ ಬಂದು, ಸಂಭಾಜಿನಗರದ ಪಕ್ಕದ ಬಿಡಕಿನ್‌ನ ಕಾರ್ಖಾನೆ ಕಟ್ಟಡಗಳಲ್ಲಿ ಹದಿನಾಲ್ಕು ವರ್ಷದಿಂದ ಆಳುಗಳ ಟೋಳಿ ನಡೆಸುವ ಮುಕಾದಮ ಅವನು. ಇಂಥ ಪಟ್ಟಿಗಳನ್ನು ಚೆನ್ನಾಗಿ ಬಲ್ಲ. ಬೋಗಸ್ ಹಾಜರಿ ಎನ್ನುತ್ತಾರೆ ಅದಕ್ಕೆ. ಆಳು ಇರುವುದಿಲ್ಲ, ಹೆಸರಿರುತ್ತದೆ. ಸಿಕ್ಕಿಬಿದ್ದ ದಿನ ಮೊದಲು ಎಳೆದು ತರುವುದು ಆ ಹೆಸರಿನವರನ್ನೇ. ಮಗಳ ಹೆಸರಿಗೆ ಮಸಿ ಹತ್ತಿದರೆ ಅವಳ ಆಟ ಅಲ್ಲಿಗೇ ಮುಗಿಯಿತು ಎಂದುಕೊಂಡ.

ನಿನ್ನೆ ಸೈಟಿನ ಇಂಜಿನಿಯರ್ ಶಾಂತಕುಮಾರ ಪೇಪರನ್ನು ಮುಂದೆ ಹಿಡಿದು, ಈಕೆ ನಿಮ್ಮ ಮಗಳೇ ಎಂದು ಕೇಳಿದ್ದ. ಒಂದೇ ಹೆಸರಿನವರು ಊರಿಗೆ ಹತ್ತು ಮಂದಿ ಎಂದು ಹೇಳಿ ಖಂಡಪ್ಪ ಮೆಲ್ಲಗೆ ಜಾರಿಕೊಂಡ. ಇವತ್ತು ಬೆಳಿಗ್ಗೆ ಸಂಭಾಜಿನಗರದಿಂದ ಮೊದಲ ಬಸ್ಸು ಹಿಡಿದ. ಯೇವಲಾ ದಾಟುವವರೆಗೂ ಪೇಪರ್ ಮಡಚಲಿಲ್ಲ. ಮಗಳ ಫೋಟೋ ನೋಡಿದ್ದು ಒಂದೇ ಸಲ. ಕೆಳಗೆ ಅಚ್ಚಾಗಿದ್ದ ಮ್ಯಾಚುಗಳ ತಾರೀಖುಗಳನ್ನು ಮಾತ್ರ ಬೆರಳಿಟ್ಟು ನಾಲ್ಕು ಸಲ ಓದಿದ.

ಕೋಚ್ ಸಾವಿತ್ರಿಬಾಯಿ ಬೀದರಿನವರು, ಹಾಗಾಗಿ ಮಾತು ಕನ್ನಡದಲ್ಲೇ ನಡೆಯಿತು. ಚಹಾ ತರಿಸಿದರು. ಅವನು ಮುಟ್ಟಲಿಲ್ಲ.

"ಬಾಯಾರ, ನನ್ನ ಮಗಳ ಹೆಸರು ತಗಸ್ರಿ."

ಅವರು ತಬ್ಬಿಬ್ಬಾದರು. ಇದು ಆಡಿಸುವ ತಂಡವಲ್ಲ, ಗೌರವದ ತಂಡ ಎಂದು ಬಿಡಿಸಿ ಹೇಳಿದರು. ವರ್ಷವಿಡೀ ಯಾರು ಎಷ್ಟು ಚೆನ್ನಾಗಿ ಆಡಿದರೆಂದು ನೋಡಿ, ಹನ್ನೊಂದು ಮಂದಿಯನ್ನು ಆರಿಸಿ ಹೆಸರು ಸಾರುತ್ತಾರೆ, ಅಷ್ಟೇ.

"ಆಕಿ ಖರೇನ ಆ ಮ್ಯಾಚಿನಾಗ ಇದ್ದಳು ಅನ್ನಲಿಕ್ಕ ಸಾಕ್ಷಿ ಅದ ಏನ್ರಿ?"

"ಇಡೀ ಜಗತ್ತು ಟೀವಿಯೊಳಗ ನೋಡ್ಯದರಿ. ಯಾವ ದಿನ ಯಾವ ದೇಶದಾಗ ಇದ್ದಳು, ಎಲ್ಲಾ ಬರದಿಟ್ಟಾರ. ಅದನ್ನ ಯಾರಿಗೂ ಅಳಸಲಿಕ್ಕ ಆಗಂಗಿಲ್ಲ."

ಯಾವ ತಂದೆಗಾದರೂ ಇಷ್ಟು ಕೇಳಿದ ಮೇಲೆ ಜೀವ ತಣ್ಣಗಾಗಬೇಕು. ಖಂಡಪ್ಪ ಬೆವರಿದ. ಹೋಗಲಿ, ತನ್ನ ಹೆಸರನ್ನಾದರೂ ಬಿಡಿಸಬಹುದೇ ಎಂದು ಕೇಳಿದ. ಈ ಕಡೆ ಹೆಸರಿನ ಬೆನ್ನಿಗೇ ತಂದೆಯ ಹೆಸರನ್ನೂ ಅಡ್ಡಹೆಸರನ್ನೂ ಬರೆಯುತ್ತಾರಲ್ಲ. ಭುವನೇಶ್ವರಿ ಖಂಡಪ್ಪ ಕಟ್ಟಿಮನಿ ಎಂದು ಪೇಪರಿನಲ್ಲಿ ದಪ್ಪ ಅಕ್ಷರಗಳಲ್ಲಿತ್ತು.  ಇದೆಂಥ ಅಪ್ಪ ಎಂದುಕೊಂಡರು ಸಾವಿತ್ರಿಬಾಯಿ.

ಅಷ್ಟರಲ್ಲಿ ಭುವನೇಶ್ವರಿ ಪ್ರಾಕ್ಟೀಸ್ ಬಿಟ್ಟು ಓಡಿ ಬಂದಳು. ಅಪ್ಪನ ಕಾಲು ಮುಟ್ಟಿದಳು. ಖುಷಿಯಿಂದ ಅವಳ ಕಣ್ಣುಗಳು ತುಂಬಿದ್ದವು.

"ಅಪ್ಪಾ, ನಿಮ್ಮ ಸೈಟಿನ ಶಾಂತಕುಮಾರ ಸಾಹೇಬ್ರು ಇಲ್ಲಿಗೇ ಫೋನ್ ಮಾಡಿದ್ರು. ನಾನು ನಿಮ್ಮ ಮಗಳೇ ಹೌದೇನು ಅಂತ ಕೇಳಿದ್ರು. ಹೌದು ಅಂದೆ. ಹೋದ ವರ್ಷ ಒಂದಿನಾನೂ ಬಿಡಕಿನ್‌ಗೆ ಬಂದಿಲ್ಲೇನು ಅಂತ ಎರಡೆರಡು ಸಲ ಕೇಳಿದ್ರು. ಇಲ್ರಿ ಅಂದೆ."

ನಲವತ್ತು ಆಳಿಗೆ ಒಬ್ಬರು ಕಡಿಮೆಯಾದರೂ ಟೋಳಿಗೆ ಕೆಲಸ ತಪ್ಪುತ್ತದೆಂದು ಖಂಡಪ್ಪ ತನ್ನ ಕೈಯಾರೆ ತುಂಬಿದ ಹಾಜರಿ ಪುಸ್ತಕದಲ್ಲಿ, ಹೋದ ವರ್ಷ ಒಂದು ದಿನವೂ ತಪ್ಪದೆ ಬಿಡಕಿನ್‌ನಲ್ಲಿ ಇಟ್ಟಿಗೆ ಹೊತ್ತವಳು ಇದೇ ಭುವನೇಶ್ವರಿ ಖಂಡಪ್ಪ ಕಟ್ಟಿಮನಿ.