ಊರಿಗೆಲ್ಲ ಒಂದೇ ಪಾಸ್‌ವರ್ಡ್

ಕಡಗಂಚಿಯ ವಿಶ್ವವಿದ್ಯಾಲಯದ ಕೆಲಸದ ಸಂದರ್ಶನಕ್ಕೆ ಕರೆದ ಮೇಲ್ ಬಂದು ವಾರವಾಗಿತ್ತು. ಸಂದರ್ಶನ ನಿನ್ನೆಯೇ ಮುಗಿದಿತ್ತು. ಪಲ್ಲವಿ ಮೇಲ್ ನೋಡಿದ್ದು ಈಗ, ಆದರೆ ಅದನ್ನು ಯಾರೋ ಆಗಲೇ ತೆರೆದಿದ್ದರು.

"ಇದನ್ನ ಯಾರು ಓದ್ಯಾರ?"

"ನಾನೇ ಬೇ," ಎಂದ ಆನ್‌ಲೈನ್ ಸೆಂಟರಿನ ಮಲ್ಕಪ್ಪ, ಝೆರಾಕ್ಸ್ ತೆಗೆಯುತ್ತಲೇ. "ಹೇಳಬೇಕಂದೆ, ಮರೆತೆ. ಊರ ಮಂದಿದು ಮೇಲ್ ಎಲ್ಲಾ ನಾನೇ ನೋಡ್ತೇನಿ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇಟ್ಟೀನಿ, ನಮ್ಮೂರ ಹೆಸರೇ, ನಿಂಬರ್ಗಾ123."

"ನಂದು ಓದಾಕ ನಿಮಗ ಯಾರು ಹೇಳ್ಯಾರ್ರಿ?"

"ಮೇಲ್ ಐಡಿ ಮಾಡಿಕೊಟ್ಟಾವ ನಾನಲ್ಲೇನು?"

ಪಲ್ಲವಿ ತನ್ನ ಮೊಬೈಲಿನಲ್ಲಿ ಪಾಸ್‌ವರ್ಡ್ ಬದಲಿಸಲು ಒತ್ತಿದಳು. ಮಲ್ಕಪ್ಪನ ಅಂಗಿಜೇಬು ಗುಂಯ್‌ಗುಟ್ಟಿತು. ಖಾತೆ ತೆರೆದ ದಿನ ಅವನು ತನ್ನ ನಂಬರನ್ನೇ ಕೊಟ್ಟಿದ್ದ.

"ಓಟಿಪಿ ಬಂದದ. ಓದ್ಲೇನು?"

"ಓದ್ರಿ ಕಾಕಾ, ಜೋರಾಗಿ ಓದ್ರಿ. ನನ್ನ ಹೆಸರಿಗಿ ಬಂದಿದ್ದು ನೀವು ಓದೋದು ಇದೇ ಕಡೀ ಸಲ."