ಮೊಮ್ಮಗಳಿಗೆ ನೀರೆರೆಯದ ಅಜ್ಜಿ

ಗದಗಿನ ಆ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ನೀರೆರೆಯಲು ಕಸ್ತೂರೆವ್ವನೇ ಬೇಕು.

ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿ, ಎಣ್ಣೆ ತಿಕ್ಕಿ ಎರೆದಳೆಂದರೆ ಎಂಥ ರಚ್ಚೆ ಹಿಡಿದ ಕೂಸೂ ನಿದ್ದೆಗೆ ಜಾರುತ್ತಿತ್ತು.

ಅಂಥ ಕಸ್ತೂರೆವ್ವ, ಬಾಣಂತನಕ್ಕೆ ಬಂದ ಸ್ವಂತ ಮಗಳು ಭುವನಾಳ ಕೂಸನ್ನು ಮಾತ್ರ ಮುಟ್ಟಲಿಲ್ಲ...

"ಸೊಂಟ ಹಿಡದೈತಿ" ಎಂದು ಪಕ್ಕದ ಮನೆಯ ನಿಂಗವ್ವನನ್ನು ಕರೆಸಿದಳು. ತೊಟ್ಟಿಲು ತೂಗುವುದೂ ದೂರದಿಂದ, ಹಗ್ಗ ಹಿಡಿದು.

ನಿಂಗವ್ವ ಎರೆಯುತ್ತಲೇ ನಕ್ಕಳು. "ಎರಡನೇದೂ ಹೆಣ್ಣಾತಲ್ಲವಾ ಭುವನಾ... ಗಂಡಾಗಿದ್ರ ನಿಮ್ಮವ್ವನ ಸೊಂಟ ತಾನ ನೆಟ್ಟಗಾಗ್ತಿತ್ತು ನೋಡು!"

ಮಾತು ಮುಳ್ಳಿನಂತೆ ನಾಟಿತು. ಸಂಜೆಯೇ ಹಸಿ ಬಾಣಂತಿ ಬಟ್ಟೆಬರೆ ಕಟ್ಟತೊಡಗಿದಳು.

"ಎಲ್ಲಿಗೆ ಹೊಂಟಿ?"

"ನಮ್ಮತ್ತಿ ಮನಿಗೆ. ಅಕಿ ಬಾಯಿ ಜೋರಿದ್ರೂ ಕೂಸು ಎತ್ಕೊಂತಾಳ. ನೀ ಹೆಣ್ಣಂತ ಮುಟ್ಟಂಗೇ ಇಲ್ಲ."

ಕಸ್ತೂರೆವ್ವ ಬಾಗಿಲಿಗೆ ಅಡ್ಡ ನಿಂತಳು.

"ಹೆಣ್ಣಂತಲ್ಲ ನನ್ನವ್ವಾ... ಮುಟ್ಟು ನಿಂತ ಮ್ಯಾಲೆ ಇದು ಗಂಟುಬಿದ್ದೈತಿ. ಕೆಮ್ಮಿದ್ರ, ಭಾರ ಎತ್ತಿದ್ರ ಉಚ್ಚಿ ಹೋಗಿ ಸೀರಿ ತೊಯ್ತೈತಿ. ಇಂಥ ಮೈಲಿಗಿ ಮೈಯಾಗ ಎಳಿ ಕೂಸು ಹೆಂಗ ಮುಟ್ಟಲಿ? ದೇವರ ಮನಿಗೂ ಹೋಗಂಗಿಲ್ಲ..."

"ಯಾರಿಗೂ ಹೇಳಲಿಲ್ಲೇನಬೇ?"

"ಏನಂತ ಹೇಳಲಿ? ನೀರು ಕುಡಿಯೂದು ಕಡಿಮಿ ಮಾಡೇನಿ."

ಭುವನಾಳ ಕೈಯಿಂದ ಬಟ್ಟೆಗಂಟು ಜಾರಿತು.

ಮರುದಿನ ಭುವನಾ ಅವ್ವನನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ಎಲ್ಲವನ್ನೂ ಕೇಳಿದರು... ಹೆರಿಗೆ ಎಷ್ಟು, ಕೆಮ್ಮು ಎಂದಿನಿಂದ, ಮಲಬದ್ಧತೆ ಇದೆಯೇ, ಶುಗರ್ ಇದೆಯೇ, ಗರ್ಭಕೋಶದ ಆಪರೇಷನ್ ಆಗಿದೆಯೇ?

"ನಾಲ್ಕು ಹಡದೇನ್ರಿ. ಎಲ್ಲಾರಕಿಂತ ದೊಡ್ಡ ಕೂಸು ಇಕೀನ... ಎರಡು ದಿನ ಜೀವ ತಿಂದ್ಲು!"

ಭುವನಾ ತಲೆ ತಗ್ಗಿಸಿದಳು. ಕಣ್ಣು ತುಂಬಿ ಬಂತು...

"ಹೆರಿಗೆಯಿಂದ ಮೂತ್ರಚೀಲಕ್ಕೆ ಆಸರೆಯಾದ ಸ್ನಾಯು ಸಡಿಲ ಆಗ್ತಾವ್ರಿ" ಎಂದರು ಡಾಕ್ಟರಮ್ಮ. "ಮುಟ್ಟು ನಿಂತ ಮ್ಯಾಲೆ ಹಾರ್ಮೋನು ಕಡಿಮಿ ಆಗಿ ಅಲ್ಲಿನ ಪದರ ತೆಳ್ಳಗಾಗ್ತೈತಿ. ಹೆಚ್ಚಿನ ತೂಕ, ಹಳೇ ಕೆಮ್ಮು, ಮಲಬದ್ಧತೆ, ಶುಗರ್ ಎಲ್ಲಾ ಕೂಡಿದ್ರ ಇನ್ನೂ ಜಾಸ್ತಿ. ಇದು ಕಾಯಿಲೆ ಅಮ್ಮಾ, ಮೈಲಿಗಿ ಅಲ್ಲ. ನೀರು ಬಿಟ್ರ ಮೂತ್ರ ಖಾರಾಗಿ ತ್ರಾಸು ಹೆಚ್ಚಾಗಬಹುದು."

ಪರೀಕ್ಷೆ ಬರೆದುಕೊಟ್ಟರು. ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮ ಹೇಳಿಕೊಟ್ಟರು. ಗುಣ ಕಾಣಲು ಕೆಲವು ತಿಂಗಳು ಬೇಕು, ಸಾಲದಿದ್ದರೆ ಬೇರೆ ಚಿಕಿತ್ಸೆಯೂ ಇದೆ ಎಂದರು.

ಆಮೇಲೆ ಭುವನಾಳತ್ತ ತಿರುಗಿದರು. "ನೀವೂ ಮಾಡ್ರಿ. ಎರಡು ಹೆರಿಗಿ ಆಗೇತಿ."

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಕಸ್ತೂರೆವ್ವ ಕಾಲು ಚಾಚಿ ಕುಳಿತಳು. ಭುವನಾ ಕೂಸನ್ನು ಕಾಲ ಮೇಲೆ ಇಟ್ಟಳು. ಅವ್ವನ ಕೈ ಇನ್ನೂ ಹಿಂಜರಿಯುತ್ತಿತ್ತು...

ಅಷ್ಟರಲ್ಲಿ ಕೂಸು ಅಜ್ಜಿಯ ಸೀರೆಯನ್ನು ಬೆಚ್ಚಗೆ ತೋಯಿಸಿಬಿಟ್ಟಿತು!

"ನೋಡಬೇ..." ಭುವನಾ ಅವ್ವನ ಪಕ್ಕ ಕುಳಿತಳು. "ಇಕಿಗೂ ಮೈಲಿಗಿ ಅಂತಿಯೇನು?"

ಕಸ್ತೂರೆವ್ವ ಮೊಮ್ಮಗಳನ್ನು ಎದೆಗೆ ಅವುಚಿಕೊಂಡು ಅತ್ತಳು... ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಎಣ್ಣೆಗೆ ಕೈಚಾಚಿದಳು.

ನಾಚಿ ಮುಚ್ಚಿಟ್ಟ ಬೇನೆಗೆ ಮನೆಯವರು ತಪ್ಪು ಅರ್ಥ ಕಟ್ಟುತ್ತಾರೆ. ಬಾಯಿಬಿಟ್ಟು ಹೇಳಿದ ಬೇನೆಗೆ ದಾರಿಯಿದೆ.

ನಿಮ್ಮ ಅವ್ವ ಇತ್ತೀಚೆಗೆ ಯಾವುದರಿಂದ ದೂರ ಸರಿಯುತ್ತಿದ್ದಾರೆ... ಯಾಕೆಂದು ಪಕ್ಕದಲ್ಲಿ ಕುಳಿತು ಕೇಳಿದ್ದೀರಾ?